ರೇಡಿಯೊದಲ್ಲಿ ನಾನು ಕೇಳದ ಪ್ರಶ್ನೆ

ಅಂಕಲ್ ಅವರ ಮೂಗಿನ ಹೊಳ್ಳೆಗಳ ಒಳಗೂ ಚರ್ಮ ಸುಟ್ಟು ಸುಲಿದಿತ್ತು. ಕಣ್ಣಿನ ಸುತ್ತ ಕನ್ನಡಕದ ಆಕಾರಕ್ಕೆ ಬೆಳ್ಳಗಿತ್ತು, ಉಳಿದ ಮುಖವೆಲ್ಲ ಇದ್ದಿಲಿನಂತಿತ್ತು, ಗದ್ದದ ಅಡಿಯಲ್ಲಿ ಕೆಂಪು ಕಲೆಗಳಿದ್ದವು. ವಿಲೆಟನ್ನಿನ ಒಂದು ಹಾಲ್‌ನಲ್ಲಿ ಪರ್ತ್‌ನ ಕನ್ನಡದವರೆಲ್ಲ ಸೇರಿ ದೀಪಾವಳಿ ಊಟ ಇಟ್ಟುಕೊಂಡಿದ್ದ ದಿನ ನಾನು ಅವರನ್ನು ಮೊದಲು ನೋಡಿದ್ದು. ನನ್ನ ದೃಷ್ಟಿ ಎಲ್ಲಿದೆ ಅಂತ ಗೊತ್ತಾಗಿ ಅವರೇ ಮಾತು ತೆಗೆದರು.

"ಹಿಮದ ಮೇಲೆ ಬಿಸಿಲು ಕೆಳಗಿಂದ ಹೊಡೆಯತ್ತಪ್ಪ. ಬಾಯಿ ತೆಕ್ಕೊಂಡು ನಡೆದ್ರೆ ಅಂಗುಳಾನೂ ಸುಡತ್ತೆ. ಅದಕ್ಕೆ ನೋಡು, ಹೋಳಿಗೆ ಬಿಟ್ಟು ಬರೀ ಪಾಯಸ ಕುಡೀತಿದೀನಿ."

ನಾನಾಗ ಓದಲು ಬಂದು ಎರಡು ವರ್ಷವಾಗಿತ್ತು. ಪರ್ವತಾರೋಹಣದ ಹುಚ್ಚು ಹಿಡಿದಿತ್ತು, ಆದರೆ ಹತ್ತಿದ ಪರ್ವತ ಒಂದೂ ಇರಲಿಲ್ಲ. ಗೊತ್ತಿದ್ದದ್ದೆಲ್ಲ ವಿಡಿಯೋ ನೋಡಿ ಕಲಿತದ್ದು. ಬಟ್ಟೆ ಒಣಗಿಸುವ ಹಗ್ಗದಲ್ಲೇ ಹನ್ನೊಂದು ಥರದ ಗಂಟು ಹಾಕುತ್ತೇನೆ ಅಂತ ಅವರ ಮುಂದೆ ಕೊಚ್ಚಿಕೊಂಡೆ. ಅವರು ನಗಲಿಲ್ಲ. "ಶನಿವಾರ ಬೆಳಗ್ಗೆ ಆರಕ್ಕೆ ಕ್ಯಾನಿಂಗ್ಟನ್‌ಗೆ ಬಾ. ಹತ್ತು ಕೆಜಿ ಅಕ್ಕಿ ತಗೊಂಡ್ ಬಾ" ಅಂದರು.

ಮೈಸೂರಿನವರು, ಭೂವಿಜ್ಞಾನಿ. ಎರಡು ವಾರ ಉತ್ತರದ ಕಬ್ಬಿಣದ ಗಣಿಯಲ್ಲಿ, ಒಂದು ವಾರ ಹ್ಯಾರಿಸ್‌ಡೇಲಿನ ಮನೆಯಲ್ಲಿ. "ಗುಡ್ಡ ಅಗೆದು ಚಪ್ಪಟೆ ಮಾಡೋದು ನನ್ನ ಕೆಲ್ಸ. ಆ ಪಾಪ ಕಳ್ಕೊಳ್ಳೋಕೆ ರಜ ಹಾಕಿ ಇನ್ನೊಂದು ಗುಡ್ಡ ಹತ್ತೀನಿ" ಅನ್ನುತ್ತಿದ್ದರು. ಪರ್ತ್‌ನಲ್ಲಿ ಹತ್ತಲು ಏನಿದೆ? ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನ ಮೆಟ್ಟಿಲುಗಳೇ ನಮ್ಮ ಹಿಮಾಲಯ. ಬೆನ್ನಿನ ಚೀಲದಲ್ಲಿ ಸೋನಾ ಮಸೂರಿ ಮೂಟೆ ಇಟ್ಟುಕೊಂಡು ಮೇಲೆ ಹೋಗಿ ಕೆಳಗೆ ಬರುವುದು, ಮತ್ತೆ ಮೇಲೆ ಹೋಗುವುದು. ಮೊದಲ ವಾರವೇ ಸೆಕ್ಯುರಿಟಿಯವನು ತಡೆದು ಚೀಲ ಬಿಚ್ಚಿಸಿದ. ಅಕ್ಕಿ ಕಂಡು ಚೀಲದ ಜಿಪ್ ತಾನೇ ಎಳೆದುಕೊಟ್ಟ. ಅಂಕಲ್ ಅವರ ಹೆಂಡತಿ, ನಮ್ಮ ಆಂಟಿ, ಈ ಕಥೆ ಕೇಳಿ, "ನಮ್ಮನೆ ಅಕ್ಕಿ ನನಗಿಂತ ಹೆಚ್ಚು ಊರು ನೋಡಿದೆ" ಅಂದಿದ್ದರು.

ಹೀಗೆ ಒಂದೂವರೆ ವರ್ಷ. ಆಮೇಲೆ ಅವರು ನೇಪಾಳದ ಒಂದು ಏಳು ಸಾವಿರ ಮೀಟರಿನ ಶಿಖರಕ್ಕೆ ಹೊರಟ ತಂಡದಲ್ಲಿ ನನ್ನನ್ನೂ ಸೇರಿಸಿದರು. ತಂಡದ ಮುಖ್ಯ ಗೈಡ್ ಅಡಿಲೇಡಿನವನು. ಬ್ರಿಸ್ಬೇನಿನ ಗಂಡ ಹೆಂಡತಿ, ಅಂಕಲ್, ನಾನು, ಜೊತೆಗೆ ಇಬ್ಬರು ಶೆರ್ಪಾ ಗೈಡ್‌ಗಳು.

ವಿಡಿಯೋದಲ್ಲಿ ನೋಡಿದ ಪರ್ವತಾರೋಹಣದಲ್ಲಿ ಯಾರೂ ಸುಮ್ಮನೆ ಕೂತಿರುವುದಿಲ್ಲ. ನಿಜದಲ್ಲಿ ಮುಕ್ಕಾಲು ಪಾಲು ಕೂರುವುದೇ. ಬೆಳಗ್ಗೆ ಅಡುಗೆಯವರು ಟೆಂಟಿನ ಜಿಪ್ ಎಳೆದು ಟೀ ಕೊಡುತ್ತಿದ್ದರು. ಎದ್ದು ಕೂತರೆ ನಮ್ಮದೇ ಉಸಿರು ಹೆಪ್ಪುಗಟ್ಟಿ ಬಟ್ಟೆಯಿಂದ ಸಕ್ಕರೆಯಂತೆ ಮುಖದ ಮೇಲೆ ಉದುರುತ್ತಿತ್ತು. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಬೇಕು, ಆ ನೀರಿಗೆ ಹಿಮ ಕರಗಿಸಬೇಕು. ಒದ್ದೆ ಕಾಲುಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿ ಒಣಗಿಸಬೇಕು. ಕುಡಿಯುವ ಬಾಟಲಿ, ಒಂದಕ್ಕೆ ಹೋಗುವ ಬಾಟಲಿ ಎರಡೂ ಒಂದೇ ಥರ ಇದ್ದವು. ಅಂಕಲ್ ಎರಡನೆಯದಕ್ಕೆ ಮೂರು ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟು, "ಕುಡಿಯೋಕೆ ಮುಂಚೆ ಸವರಿ ನೋಡು. ಇದನ್ನ ಯಾವ ವಿಡಿಯೋದಲ್ಲೂ ಹೇಳಿರಲ್ಲ" ಅಂದರು. ವಾರಕ್ಕೊಮ್ಮೆ ಒಂದು ಬೋಗುಣಿ ಬಿಸಿನೀರು ಸಿಗುತ್ತಿತ್ತು. ಅದರಲ್ಲಿ ಕೈಕಾಲು ಮುಖ ಒರೆಸಿಕೊಂಡು ಬಂದು, ಅಭ್ಯಂಜನವೇ ಆದವರ ಹಾಗೆ "ಸ್ನಾನ ಆಯ್ತಪ್ಪ, ಇನ್ನು ಎಲೆ ಹಾಕ್ಸಿ" ಅನ್ನುತ್ತಿದ್ದರು. ಅವರ ಚಟ್ನಿಪುಡಿ ಡಬ್ಬಿ ಹತ್ತು ದಿನದಲ್ಲಿ ಬ್ರಿಸ್ಬೇನಿನವರ ಪಾಲಾಯಿತು.

ಒಂದನೇ ಕ್ಯಾಂಪಿಗೆ ಸಾಮಾನು ಹೊತ್ತು ಹೋಗಿ, ಇಳಿದು ಬಂದು ಮಲಗು. ಮಾರನೆಯ ದಿನ ಮತ್ತೆ ಹೋಗಿ ಅಲ್ಲೇ ಒಂದು ರಾತ್ರಿ ಇರು, ಮತ್ತೆ ಇಳಿ. ನನಗೆ ರೇಗುತ್ತಿತ್ತು. ಹೀಗೇ ಹತ್ತಿ ಇಳಿಯೋದಾದರೆ ತುದಿ ಮುಟ್ಟೋದು ಯಾವಾಗ ಅಂದೆ. "ಹೊಸ ಕಾವಲಿ ತಂದ ದಿನವೇ ದೋಸೆ ಹುಯ್ದ್ರೆ ಏಳತ್ತೇನೋ? ಪಳಗಿಸ್ಬೇಕು. ನಿನ್ನನ್ನ ಈಗ ಪಳಗಿಸ್ತಿದಾರೆ, ಸುಮ್ನಿರು."

ನಾನು ಪಳಗಲಿಲ್ಲ. ಕೊನೆಯ ಸಲ ಎಲ್ಲರೂ ಮೇಲಕ್ಕೆ ಹೊರಡುವ ಹೊತ್ತಿಗೆ ನನಗೆ ಪಕ್ಕೆ ಮುರಿಯುವಂಥ ಕೆಮ್ಮು. ಅಡಿಲೇಡಿನ ಗೈಡ್ ನನ್ನನ್ನು ಬೇಸ್ ಕ್ಯಾಂಪಿನಲ್ಲಿ ಉಳಿಸಿಕೊಂಡ, ತಾನೂ ಉಳಿದು ರೇಡಿಯೊ ನೋಡಿಕೊಂಡ. ಉಳಿದವರು ಶೆರ್ಪಾ ಗೈಡ್‌ಗಳ ಜೊತೆ ಹೋದರು. ಅಂಕಲ್ ಹೊರಡುವಾಗ ನನ್ನ ಮುಖ ನೋಡಿ, "ಅಳ್ಬೇಡ್ವೋ. ಈ ಗುಡ್ಡ ನಾನೇನು ಅಗೆದು ಹಾಕಲ್ಲ. ಮುಂದಿನ ವರ್ಷನೂ ಇಲ್ಲೇ ಇರತ್ತೆ" ಅಂದರು.

ಎರಡನೇ ಕ್ಯಾಂಪಿನಲ್ಲಿ ರಾತ್ರಿ ಕಳೆದ ಮೇಲೆ, ಬೆಳಗ್ಗೆ ಏಳಕ್ಕೆ ಶೆರ್ಪಾ ಗೈಡ್‌ಗಳಲ್ಲಿ ಒಬ್ಬರು ರೇಡಿಯೊದಲ್ಲಿ ಕರೆ ಮಾಡಿದರು. ಅಂಕಲ್ ಇವತ್ತು ನಿಧಾನ, ತಾನು ಇಂಗ್ಲಿಷಿನಲ್ಲಿ ಕೇಳಿದರೆ ಅವರ ಭಾಷೆಯಲ್ಲಿ ಏನೋ ಹೇಳುತ್ತಾರೆ, ನಿದ್ದೆಗಣ್ಣೋ ಬೇರೆ ಏನಾದರೂ ಇದೆಯೋ ಗೊತ್ತಾಗುತ್ತಿಲ್ಲ ಅಂದರು. ಅಡಿಲೇಡಿನ ಗೈಡ್ ನನ್ನ ಕಡೆ ತಿರುಗಿದ. ಎತ್ತರಕ್ಕೆ ಮಿದುಳಿನಲ್ಲಿ ನೀರು ತುಂಬಿಕೊಳ್ಳುತ್ತದೆ, ಹಾಗಾದವರಿಗೆ ಮೊದಲು ಮಾತು, ಲೆಕ್ಕ ತಪ್ಪುತ್ತದೆ. ಹಾಗಿದ್ದರೆ ಈಗಲೇ ಇಳಿಸಬೇಕು, ಅವರ ಕಾಲಿನ ಮೇಲೆ ಅವರು ನಡೆಯುವಾಗಲೇ. ಬರೀ ಆಯಾಸವಾದರೆ ಮೂರನೇ ಕ್ಯಾಂಪಿಗೆ ಹೋಗಬಹುದು. ನಿನ್ನ ಭಾಷೆಯಲ್ಲಿ ಮೂರು ಪ್ರಶ್ನೆ ಕೇಳು ಅಂದ: ಇವತ್ತು ಯಾವ ವಾರ, ಹೆಂಡತಿಯ ಹೆಸರೇನು, ಇಪ್ಪತ್ತರಿಂದ ಹಿಂದಕ್ಕೆ ಎಣಿಸು.

ರೇಡಿಯೊ ಕೈಗೆ ಬಂತು. ನನ್ನ ತಂದೆಯ ವಯಸ್ಸಿನವರು, ನನಗೆ ಬೂಟಿನ ಲೇಸು ಕಟ್ಟುವುದರಿಂದ ಕಲಿಸಿದವರು. ಎರಡು ಕ್ಯಾಂಪಿನ ಜನ ಕೇಳಿಸಿಕೊಳ್ಳುತ್ತಿರುವಾಗ, ಅಂಗನವಾಡಿ ಮಗುವಿಗೆ ಕೇಳುವ ಹಾಗೆ, ನಿಮ್ಮ ಹೆಂಡತಿ ಹೆಸರು ಹೇಳಿ, ಇಪ್ಪತ್ತರಿಂದ ಎಣಿಸಿ ಅಂತ ಅವರನ್ನು ಹೇಗೆ ಕೇಳಲಿ?

"ಅಂಕಲ್, ಹೇಗಿದೀರ?" ಅಂದೆ.

"ಚೆನ್ನಾಗಿದೀನಪ್ಪ. ನಿನ್ನ ಕೆಮ್ಮು ಹೇಗಿದೆ?"

"ಪರವಾಗಿಲ್ಲ ಅಂಕಲ್. ತಿಂಡಿ ಆಯ್ತಾ?"

"ಆಗತ್ತೆ, ಆಗತ್ತೆ. ಹಂಡೆಗೆ ಉರಿ ಹಾಕಿದೀನಿ. ನೀನು ಮೊದ್ಲು ಸ್ನಾನ ಮುಗಿಸ್ಕೊಂಡ್ ಬಾ."

ನಾನು ನಕ್ಕೆ. ಅವರ ಸ್ನಾನದ ತಮಾಷೆ ನನಗೆ ಗೊತ್ತಿಲ್ಲವೇ. ಏನಂದರು ಅಂತ ಗೈಡ್ ಕೇಳಿದ. ಸರಿಯಾಗಿದ್ದಾರೆ, ಜೋಕ್ ಮಾಡುತ್ತಿದ್ದಾರೆ ಅಂದೆ. ಮೂರೂ ಕೇಳಿದೆಯಾ ಅಂದ. ಹೂಂ ಅಂದೆ.

ಅವರು ಹೊರಟರು. ಬೈನಾಕ್ಯುಲರ್‌ನಲ್ಲಿ ಹಗ್ಗದ ಉದ್ದಕ್ಕೂ ಚುಕ್ಕಿಗಳು ಕಾಣುತ್ತಿದ್ದವು. ಕೆಂಪು ಜಾಕೆಟ್ ಅಂಕಲ್. ಹತ್ತೂವರೆಗೆ ಕೆಂಪು ಚುಕ್ಕಿ ಹಿಂದೆ ಬಿತ್ತು. ಹನ್ನೊಂದೂಕಾಲಿಗೆ ನಿಂತಿತು. ಮತ್ತೆ ಚಲಿಸಲಿಲ್ಲ.

ಜೊತೆಗಿದ್ದ ಶೆರ್ಪಾ ಗೈಡ್ ಇಂಜೆಕ್ಷನ್ ಕೊಟ್ಟರು, ತಮ್ಮ ಪಾಲಿನ ಆಕ್ಸಿಜನ್ ಹಚ್ಚಿದರು, ಎಬ್ಬಿಸಿ ನಿಲ್ಲಿಸಿದರು. ಅಂಕಲ್ ನಿಂತರು, ಕೂತರು. ಇನ್ನೊಬ್ಬ ಗೈಡ್ ಬ್ರಿಸ್ಬೇನಿನವರನ್ನು ಮೂರನೇ ಕ್ಯಾಂಪಿನಲ್ಲಿ ಬಿಟ್ಟು ಇಳಿದು ಬರಲು ಎರಡು ಗಂಟೆ ಬೇಕು. ನಿನ್ನ ಮಾತು ಕೇಳುತ್ತಾರೇನೋ ನೋಡು, ಎದ್ದು ನಡೆಯಲು ಹೇಳು ಅಂತ ಅಡಿಲೇಡಿನ ಗೈಡ್ ಮತ್ತೆ ರೇಡಿಯೊ ಕೊಟ್ಟ.

"ಅಂಕಲ್, ಎದ್ದೇಳಿ ಅಂಕಲ್. ಕೆಳಗೆ ಬನ್ನಿ."

"ಬರ್ತೀನಿ ಇರಪ್ಪ. ಬೂಟು ಹುಡುಕ್ತಿದೀನಿ."

"ಬೂಟು ನಿಮ್ಮ ಕಾಲಲ್ಲೇ ಇದೆ ಅಂಕಲ್. ನೋಡಿ, ಕಾಲಲ್ಲೇ ಇದೆ."

"ಇಲ್ಲೇ ಬಾಗಿಲ ಹತ್ರ ಬಿಟ್ಟಿದ್ದೆ. ಯಾರು ತಗೊಂಡ್ರು?"

ಅದೇ ಮಾತು. ಗಂಟಲು ಕಟ್ಟುವವರೆಗೂ ಹೇಳಿದೆ, ಕೆಮ್ಮಿ ಕೆಮ್ಮಿ ಹೇಳಿದೆ. ಬೂಟು ಸಿಕ್ಕಿತು, ನಾನೇ ತಂದಿಟ್ಟಿದ್ದೇನೆ, ಹಾಕಿಕೊಳ್ಳಿ ಅಂತ ಸುಳ್ಳೂ ಹೇಳಿದೆ. "ಒಳ್ಳೇದಾಯ್ತು" ಅಂದರು. ಏಳಲಿಲ್ಲ. ಒಂದೂವರೆಗೆ ಗಾಳಿ ಎದ್ದು, ಬೈನಾಕ್ಯುಲರ್‌ನಲ್ಲಿ ಹಿಮದ ಪುಡಿಯ ಹೊರತು ಏನೂ ಕಾಣದಾಯಿತು. ಹೆಲಿಕಾಪ್ಟರ್‌ನವರು ಈ ಗಾಳಿಯಲ್ಲಿ ಬರಲಾಗದು ಅಂದರು. ಇಬ್ಬರು ಗೈಡ್‌ಗಳು ಅವರನ್ನು ಮಲಗುವ ಚೀಲದಲ್ಲಿ ಸುತ್ತಿ, ಹಗ್ಗ ಕಟ್ಟಿ, ಒಂದೊಂದೇ ಗೇಣು ಇಳಿಸತೊಡಗಿದರು. ನಾನು ರೇಡಿಯೊ ಹಿಡಿದು ಕೂತಿದ್ದೆ. ಹನ್ನೊಂದು ಥರದ ಗಂಟು ಬಲ್ಲ ಕೈಗಳಿಗೆ ಬಟನ್ ಒತ್ತುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಮೂರೂ ಮುಕ್ಕಾಲಿಗೆ ಶೆರ್ಪಾ ಗೈಡ್ ಅಡಿಲೇಡಿನವನ ಹೆಸರು ಹಿಡಿದು ಕರೆದು, ಇನ್ನು ಅವಸರ ಬೇಡ ಅಂದರು.

ನಾನು ಮೂರು ಪ್ರಶ್ನೆ ಕೇಳಿರಲಿಲ್ಲ ಅಂತ ಗೈಡ್‌ಗೆ ಆಗಲೇ ಹೇಳಿದೆ. ಅವನು ನನ್ನ ಕೈಯಿಂದ ರೇಡಿಯೊ ತೆಗೆದುಕೊಂಡ. ಕಳಿಸಿದ್ದು ನಾನು, ನೀನಲ್ಲ ಅಂದ. ನನ್ನ ಮುಖ ನೋಡಿ ಹೇಳಲಿಲ್ಲ.

ಆಂಟಿ ಕಠ್ಮಂಡುವಿಗೆ ಬಂದು ಅಲ್ಲೇ ಎಲ್ಲ ಕಾರ್ಯ ಮುಗಿಸಿಕೊಂಡು ಹೋದರು. ಪರ್ತ್‌ಗೆ ಬಂದ ಮೇಲೆ ಎರಡು ತಿಂಗಳು ನಾನು ಹ್ಯಾರಿಸ್‌ಡೇಲ್ ಕಡೆಯ ಬಸ್ಸೇ ಹತ್ತಲಿಲ್ಲ. ಒಂದು ಶನಿವಾರ ಅವರೇ ಫೋನ್ ಮಾಡಿ, "ಆರ್ವೋ ಬಾ, ಮಧ್ಯಾಹ್ನದ ಊಟಕ್ಕೆ ಹುಳಿ ಮಾಡಿದೀನಿ" ಅಂದರು. ಹೋದೆ. ತಟ್ಟೆ ಮುಂದೆ ಕೂತು ಎಲ್ಲ ಹೇಳಿದೆ, ಹಂಡೆಯ ಮಾತು, ನಾನು ನಕ್ಕಿದ್ದು, ಹೂಂ ಅಂದದ್ದು.

"ಏನ್ ಕೇಳ್ಬೇಕಿತ್ತು?" ಅಂದರು.

"ಇವತ್ತು ಯಾವ ವಾರ ಅಂತ. ಇಪ್ಪತ್ತರಿಂದ ಹಿಂದಕ್ಕೆ ಎಣ್ಸೋಕೆ. ಆಮೇಲೆ ನಿಮ್ಮ ಹೆಸರು."

ಅವರು ಸೌಟು ಎತ್ತಿ ನನ್ನ ತಟ್ಟೆಗೆ ಇನ್ನಷ್ಟು ಹುಳಿ ಹಾಕಿದರು.

"ರಜದಲ್ಲಿರೋವ್ರಿಗೆ ವಾರ ಯಾರಿಗೆ ನೆನಪಿರತ್ತೆ ಹೇಳು. ಇನ್ನು ನನ್ನ ಹೆಸರಾ? ಕೇಳಿದ್ರೂ ಪ್ರಯೋಜನ ಆಗ್ತಿರ್ಲಿಲ್ಲ ಬಿಡು. ಹಳೇ ಕಾಲದೋರು, ಒಂದು ದಿನಾನೂ ಹೆಸರು ಹಿಡಿದು ಕರೆದಿಲ್ಲ. 'ಇವಳೇ' ಅಂತಲೇ. ನಾಚ್ಕೊಂಡ್ರು ಅಂತ ನೀನು ಸುಮ್ನಾಗ್ತಿದ್ದೆ ಅಷ್ಟೆ. ಅನ್ನ ಕಲಸ್ಕೋ, ಆರೋಗತ್ತೆ."

ನೇಪಾಳದಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ನಾನು ಒಂದೇ ಟೆಂಟಿನಲ್ಲಿ ಅಂಕಲ್ ಪಕ್ಕ ಮಲಗಿದ್ದೆ. ದಿನಾ ಸಂಜೆ ಅವರು ಸ್ಯಾಟಲೈಟ್ ಫೋನ್ ಹಚ್ಚಿದ ಕೂಡಲೇ ಮೊದಲು ಹೇಳುತ್ತಿದ್ದುದು ಆಂಟಿಯ ಹೆಸರು. ಲೈನ್ ಸರಿಯಿಲ್ಲದಿದ್ದರೆ ಎರಡು ಮೂರು ಸಲ, ಟೆಂಟಿನ ಆಚೆಗೂ ಕೇಳುವ ಹಾಗೆ. ನಾನು ಮೊಳ ದೂರದಲ್ಲಿ ಇರುತ್ತಿದ್ದೆ ಅಂತ ಆಂಟಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಸಂಜೆ ಫೋನ್ ನನ್ನ ಕೈಗೂ ಕೊಡಿಸಿ ಮಾತಾಡಿದ್ದರು.

ನಾನು ತಲೆಯಾಡಿಸಿದೆ. ಅನ್ನ ಕಲಸಿಕೊಂಡೆ.