ನೀರು ತಿರುಗಿದ ಮೇಲಿನ ಓವರ್

ನಾನು ಕ್ರಿಕೆಟ್ ಆಟಗಾರ ಎಂದರೆ, ಎಷ್ಟು ರನ್ ಹೊಡೆದಿದ್ದೀರಿ ಎಂದು ಕೇಳುತ್ತಾರೆ. ಹೇಳಿಕೊಳ್ಳುವಷ್ಟು ಹೊಡೆದಿಲ್ಲ. ಹಾಗಾದರೆ ಪಂದ್ಯಕ್ಕೆ ಎಷ್ಟು ಓವರ್ ಹಾಕುತ್ತೀರಿ? ಒಂದು. ಅಲ್ಲಿಗೆ ಅವರ ಆಸಕ್ತಿ ಮುಗಿದು ಚಹಾದ ಕಡೆ ತಿರುಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಆದರೆ ಮಾತೇನೂ ಸುಳ್ಳಲ್ಲ. ಭಟ್ಕಳದಿಂದ ಕುಮಟೆಯ ತನಕ ಟೆನಿಸ್ ಚೆಂಡಿನ ಟೂರ್ನಮೆಂಟ್ ಎಲ್ಲಿ ನಡೆದರೂ ಯಾವುದೋ ಒಂದು ತಂಡ ನನ್ನನ್ನು ಕರೆಯುತ್ತದೆ. ಹೋಗಿ ಕೊನೆಯ ಓವರ್ ಹಾಕಿ ಬರುತ್ತೇನೆ. ಉಳಿದ ದಿನ ಟೆಂಪೋ ಓಡಿಸುತ್ತೇನೆ.

ಈ ಒಂದು ಓವರಿನ ಕಸುಬಿಗೆ ನನ್ನನ್ನು ಹಚ್ಚಿದವಳು ನನ್ನ ಅವ್ವಿ, ಅದೂ ಅವಳಿಗೆ ಗೊತ್ತಿಲ್ಲದೆಯೇ.

ನಮ್ಮ ಮನೆ ಇರುವುದು ಅಘನಾಶಿನಿ ಊರಲ್ಲಿ, ಅದೇ ಹೆಸರಿನ ಹೊಳೆ ಕಡಲು ಸೇರುವ ಕಡೆ. ಇಳಿತವಾದಾಗ ಹೊಳೆಯ ನಡುವೆ ಮರಳಿನ ದಿಬ್ಬ ಮೇಲೇಳುತ್ತದೆ. ಅದರ ಒಂದು ಬದಿಯ ಕೆಸರಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಆ ಮಾಂಸ ನಮ್ಮ ಕಡೆ ಮೀನಿನಷ್ಟೇ ಬೇಕಾದದ್ದು. ಇನ್ನೊಂದು ಬದಿಯ ಗಟ್ಟಿ ಮರಳಿನಲ್ಲಿ ಹುಡುಗರು ಕೋಲು ನೆಟ್ಟು ಕ್ರಿಕೆಟ್ ಆಡುತ್ತಾರೆ. ಬಳಚಿಗೂ ಕ್ರಿಕೆಟ್ಟಿಗೂ ಇರುವುದು ಅದೊಂದೇ ಇಳಿತ. ಉಳಿದವರ ಮನೆಯಲ್ಲಿ ಹೆಕ್ಕಲು ಅಕ್ಕತಂಗಿಯರಿದ್ದರು. ನಮ್ಮಲ್ಲಿ ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು, ಅಪ್ಪ ದೋಣಿಯಲ್ಲಿರುತ್ತಿದ್ದ. ಹಾಗಾಗಿ ಅವ್ವಿಯ ಜೊತೆ ಕೆಸರಿಗಿಳಿಯುವವನು ನಾನೇ; ಟೆಂಪೋಗೆ ರಜೆಯಿದ್ದ ದಿನ ಈಗಲೂ ಅವಳ ಬುಟ್ಟಿ ಹೊರುತ್ತೇನೆ.

ಬುಟ್ಟಿ ತುಂಬುವ ತನಕ ಬಿಡುಗಡೆಯಿಲ್ಲ. ಆಚೆ ಬದಿಯಿಂದ ಕೂಗು, ನಗು, ಜಗಳ ಕೇಳುತ್ತಿತ್ತು. ನಾನು ಬೆರಳಿಂದ ಕೆಸರು ಕೆದಕುತ್ತ ಆ ಕಡೆಗೇ ಕಿವಿ ಕೊಟ್ಟಿರುತ್ತಿದ್ದೆ. ಬುಟ್ಟಿ ದಡ ಸೇರಿಸಿ ಓಡುವಷ್ಟರಲ್ಲಿ ಭರತಿ ಶುರುವಾಗಿ ನೀರು ತಿರುಗಿರುತ್ತಿತ್ತು. ಆಟದಲ್ಲಿ ಉಳಿದಿರುತ್ತಿದ್ದುದು ಒಂದೇ ಓವರ್. ಆ ಓವರ್ ಯಾರಿಗೂ ಬೇಡ. ಮರಳು ಮೆತ್ತಗಾಗಿ, ಚೆಂಡು ಒದ್ದೆಯಾಗಿ, ಕೈಯಿಂದ ಜಾರಿ ಎಲ್ಲೆಲ್ಲೋ ಹೋಗುತ್ತಿತ್ತು. "ಬಳಚು ಬಂತು, ಅವನಿಗೇ ಕೊಡ್ರಾ" ಎಂದು ನನ್ನ ಕೈಗೆ ತುರುಕುತ್ತಿದ್ದರು. ಹೀಗೆ ನಾನು ಒದ್ದೆ ಚೆಂಡಿನಲ್ಲೇ ಬೌಲಿಂಗ್ ಕಲಿತೆ. ಒಣ ಚೆಂಡು ಕೈಗೆ ಸಿಕ್ಕಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು.

ಮುಂದೆ ಕುಮಟೆಯ ಹಾರ್ಡ್‌ವೇರ್ ಅಂಗಡಿಯವರೊಬ್ಬರು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅವರೇ ಕ್ಯಾಪ್ಟನ್, ಅವರೇ ಜೆರ್ಸಿ ಹೊಲಿಸುವವರು, ಬೈಯುವವರೂ ಅವರೇ. ಅವರ ತಂಡ ಇಲ್ಲದ ದಿನ ಬೇರೆಯವರು ಕರೆಯುತ್ತಿದ್ದರು. ಮಾವಿನಕುರ್ವೆಯವರ ಪರವಾಗಿ ಬೆಳಕೆಯವರ ಎದುರು, ಮರುವಾರ ಬೆಳಕೆಯವರ ಪರವಾಗಿ ಮಾವಿನಕುರ್ವೆಯವರ ಎದುರು ಆಡಿದ್ದೂ ಉಂಟು. ಭಟ್ಕಳದ ಮೈದಾನದಲ್ಲಿ ಮೈಕ್ ಹಿಡಿದ ಹುಡುಗ ಉರ್ದುವಿನಲ್ಲಿ "ಆಖ್ರಿ ಓವರ್‌ವಾಲಾ ಆಗಯಾ" ಎಂದು ಕೂಗಿದ ಮೇಲೆ ಆ ಊರಲ್ಲಿ ನಾನು ಬರೀ ಆಖ್ರಿಯಾದೆ, ಅಂದರೆ ಕೊನೆಯವನು. ಟೆಂಪೋದಲ್ಲಿ ಸಾಮಾನು ಇಳಿಸಲು ಹೋದರೂ "ಕ್ಯಾ ಆಖ್ರಿ, ಚಾಯ್?" ಎಂದು ಕರೆದು ಕೂರಿಸುತ್ತಿದ್ದರು. ಒಂದೇ ಓವರಿಗೆ ಸಿಕ್ಕ ಈ ಮರ್ಯಾದೆಗೆ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಈ ಕೆಲಸದ ಕಷ್ಟ ಇರುವುದು ಓವರಿನಲ್ಲಲ್ಲ, ಕಾಯುವುದರಲ್ಲಿ. ಮೊದಲಿಂದ ಬೌಂಡರಿಯಲ್ಲಿ ನಿಂತಿರಬೇಕು. ತೋಳು ತಣ್ಣಗಾಗಬಾರದು, ತಲೆ ಬಿಸಿಯಾಗಬಾರದು. ಎದುರಾಳಿಗಳು ಬೇಗ ಔಟಾದರೆ ನಮ್ಮವರು ಕುಣಿಯುತ್ತಾರೆ, ನಾನು ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇನೆ. ಅಂಥ ದಿನ ಅವ್ವಿ ಕೇಳುತ್ತಿದ್ದಳು:

"ಎಂತ ಮಾಡ್ದೆ ಇವತ್ತು?"

"ನಿಂತ್ಕಂಡಿದ್ದೆ."

"ಬರೀ ನಿಂತ್ಕಂಡವಂಗೆ ಊಟ ಇಷ್ಟು ಸೇರ್ತದಾ?"

ತಂಗಿಯ ಗಂಡ ಒಮ್ಮೆ ಮೊಬೈಲಿನಲ್ಲಿ ಅಮೆರಿಕದ ಬೇಸ್‌ಬಾಲ್ ಆಟ ತೋರಿಸಿದ. ಅಲ್ಲೊಬ್ಬ ಧಡಿಯ ಆಟದುದ್ದಕ್ಕೂ ಮೂಲೆಯ ಬೆಂಚಿನ ಮೇಲೆ ಕೂತಿದ್ದು, ಕೊನೆಗೆ ಎದ್ದು ಬಂದು ಒಂದಿಷ್ಟು ಚೆಂಡು ಎಸೆದು ಹೋದ. ಅಂಥವರಿಗೆ ರಿಲೀಫ್ ಪಿಚರ್ ಎನ್ನುತ್ತಾರಂತೆ. ಅದೇ ಅವರ ಪೂರ್ತಿ ನೌಕರಿಯಂತೆ. ನಾನು ಖುಷಿಯಿಂದ ಅವ್ವಿಗೂ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಬೇರೆ ಕೆಲಸ ನೋಡು ಅಂತ ಅವನ ಅವ್ವಿಗೂ ಹೇಳಿ ಹೇಳಿ ಸಾಕಾಗಿರ್ಬೇಕು" ಎಂದಳು.

ನಾವೆಲ್ಲ ನಕ್ಕೆವು. ಆದರೆ ನನಗೆ ಚುಚ್ಚಿದ್ದು ನಿಜ. ಊರೂರು ನನ್ನನ್ನು ಗುರುತಿಸುತ್ತಿತ್ತು, ಅವ್ವಿ ಮಾತ್ರ ನಾನು ಬೌಲ್ ಮಾಡಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಹೊನ್ನಾವರಕ್ಕೆ ಮದುವೆಗೆಂದು ಬಂದವಳನ್ನು ಒಮ್ಮೆ ಬಲವಂತವಾಗಿ ಮೈದಾನಕ್ಕೆ ಕರೆದೊಯ್ದಿದ್ದೆ. ಮದುವೆಯ ಸೀರೆಯಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬಿಸಿಲಿಗೆ ಸೆರಗು ಹೊದ್ದು ನೋಡಿದಳು. ಆವತ್ತೇ ಎದುರಾಳಿಗಳು ಬೇಗ ಔಟಾಗಬೇಕೆ? ನಾನು ಬೌಂಡರಿಗೆ ಬಂದ ಚೆಂಡುಗಳನ್ನು ಹೆಕ್ಕಿ ಎಸೆದದ್ದಷ್ಟೇ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು:

"ಚೆಂಡು ಹೆಕ್ಕೂಕೆ ಇಟ್ಕಂಡಾರಾ ನಿನ್ನ?"

"ಅಲ್ಲ ಅವ್ವಿ, ನಂದು ಕೊನೆಗೆ..."

"ಆತು ಬಿಡು. ಹೆಕ್ಕೂ ಕೆಲಸ ಮನೆಲ್ಲೇ ಇತ್ತಲ. ಅದಕ್ಕೆ ಬಸ್ ಹತ್ತಿ ಬರ್ಬೇಕಾಗಿತ್ತಾ?"

ಹಿಂದಿನ ಸೀಟಿನವರು ಕಿಸಕ್ಕೆಂದರು. ನಾನು ಕುಮಟೆ ಬರುವವರೆಗೂ ಕಿಟಕಿಯಾಚೆ ಮುಖ ತಿರುಗಿಸಿ ಕೂತೆ. ಆಮೇಲೆ ಅವಳನ್ನು ಕರೆಯುವುದನ್ನೇ ಬಿಟ್ಟೆ.

ಹೋದ ವರ್ಷ ಬಲ ಭುಜ ಕೈಕೊಟ್ಟಿತು. ಬೆಳಿಗ್ಗೆ ಅಂಗಿ ತೊಡಲಿಕ್ಕೂ ಹಲ್ಲು ಕಚ್ಚಬೇಕಾಗುತ್ತಿತ್ತು. ಡಾಕ್ಟರು ಅದುಮಿ, ತಿರುಗಿಸಿ ನೋಡಿ, ಇನ್ನು ಜೋಪಾನ, ಒಂದು ಸೀಸನ್ ಆಡಿದರೆ ಹೆಚ್ಚು ಎಂದರು. ನನಗೆ ಆಟ ನಿಲ್ಲುವ ದುಃಖಕ್ಕಿಂತ ಬೇರೆಯದೇ ದುಃಖವಾಯಿತು. ಅವ್ವಿ ನೋಡದೆಯೇ ಇದೆಲ್ಲ ಮುಗಿದುಹೋದರೆ, ಅವಳ ಪಾಲಿಗೆ ನಾನು ಕಡೆಯವರೆಗೂ ಚೆಂಡು ಹೆಕ್ಕುವವನೇ. ಇಷ್ಟು ವರ್ಷ ಬೆವರು ಸುರಿಸಿದ್ದಕ್ಕೆ ನನಗೆ ಬೇಕಾಗಿದ್ದುದು ಕಪ್ ಅಲ್ಲ, ಅವಳು ಒಂದು ಓವರ್ ನೋಡುವುದು.

ಕುಮಟೆಯ ಕಡಲ ದಂಡೆಯಲ್ಲಿ ಪ್ರತಿವರ್ಷ ಒಂದು ಟೂರ್ನಮೆಂಟ್ ಆಗುತ್ತದೆ. ಇಳಿತಕ್ಕೆ ಸರಿಯಾಗಿ ಶುರು ಮಾಡಿ, ನೀರು ಏರುವುದರೊಳಗೆ ಮುಗಿಸುತ್ತಾರೆ. ಈ ಸಲ ನಮ್ಮ ತಂಡ ಫೈನಲಿಗೆ ಬಂತು. ಮುನ್ನಾದಿನ ಮರ್ಯಾದೆ ಬದಿಗಿಟ್ಟು ಕೇಳಿದೆ.

"ಅವ್ವಿ, ನಾಳೆ ಒಂದು ದಿನ ಬತ್ಯಾ?"

"ನಾಳೆ ಒಳ್ಳೆ ಇಳಿತ ಅದೆ ತಮಾ. ಬಳಚು ಬಿಟ್ಟು ಬರೂಕಾಗ್ತದಾ?"

"ಇದು ಕೊನೇದೇ ಆದ್ರೂ ಆಗ್ಬಹುದು."

ಅವಳು ಮೊರ ಎತ್ತಿಕೊಂಡು ಅಕ್ಕಿ ಗೇರತೊಡಗಿದಳು. ನಾನು ಮತ್ತೆ ಕೇಳಲಿಲ್ಲ.

ಮರುದಿನ ನಮ್ಮವರು ಮೊದಲು ಬ್ಯಾಟ್ ಮಾಡಿದರು. ಆಮೇಲೆ ನಾನು ಬೌಂಡರಿಯಲ್ಲಿ ನಿಂತು ಚೆಂಡಿಗಿಂತ ಜಾಸ್ತಿ ಜನರನ್ನೇ ನೋಡಿದೆ. ಸೆರಗು ಹೊದ್ದ ಹೆಂಗಸರೆಲ್ಲ ದೂರದಿಂದ ಅವ್ವಿಯಂತೆಯೇ ಕಂಡರು. ಯಾರೂ ಅವಳಲ್ಲ. ನೀರು ತಿರುಗಿತು, ಅಲೆ ಮೈದಾನದ ಅಂಚು ನೆಕ್ಕತೊಡಗಿತು. ಆಟ ಕೊನೆಯ ಓವರಿಗೆ ಬಂದಾಗ ಎದುರಾಳಿಗಳಿಗೆ ಹತ್ತು ರನ್ ಬೇಕಿತ್ತು. ಕ್ಯಾಪ್ಟನ್ ಚೆಂಡು ಕೊಟ್ಟು, "ಭುಜ ಹೆಂಗಿದ್ದು ಮಾರಾಯಾ?" ಎಂದರು. ಚಲೋ ಇದೆ ಎಂದು ಸುಳ್ಳು ಹೇಳಿದೆ. ರನ್‌ಅಪ್ಪಿಗೆಂದು ಹಿಂದೆ ನಡೆದು ತಿರುಗಿದಾಗ ಕಂಡಿತು: ತೆಂಗಿನ ಮರದ ಬುಡದಲ್ಲಿ ಮೊಣಕಾಲಿನ ತನಕ ಸೀರೆ ಒದ್ದೆ ಮಾಡಿಕೊಂಡು, ಕಾಲ ಕೆಸರನ್ನೂ ತೊಳೆಯದೆ ಅವ್ವಿ ನಿಂತಿದ್ದಳು.

ಮೊದಲ ಚೆಂಡು ಬ್ಯಾಟಿಗೇ ಹೋಗಿ ಬಿತ್ತು. ಬ್ಯಾಟ್ ಹಿಡಿದವನು ಎತ್ತಿ ಹೊಡೆದದ್ದು ನೇರ ಕಡಲಿಗೆ. ಸಿಕ್ಸ್! ಜನ ಕೂಗಿದರು, ಕ್ಯಾಪ್ಟನ್ ತಲೆ ಮೇಲೆ ಕೈ ಇಟ್ಟರು. ಅವ್ವಿಯ ಎದುರಿಗೇ ಹೀಗಾಗಬೇಕಿತ್ತೇ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ನಮ್ಮ ಫೀಲ್ಡರ್ ಸೊಂಟಮಟ್ಟದ ನೀರಿಗಿಳಿದು ಚೆಂಡು ತಂದು ಕೊಟ್ಟ. ಪೂರಾ ನೆನೆದು ನೀರು ಸುರಿಸುತ್ತಿತ್ತು. ಬೆರಳು ಮುಚ್ಚಿದ ಕೂಡಲೇ ಅದರ ಭಾರ ಗುರುತು ಸಿಕ್ಕಿತು. ಇದು ನನ್ನ ಚೆಂಡು. ಪಾಪ, ಹೊಡೆದವನಿಗೆ ತಾನೇ ಅದನ್ನು ನನಗೆ ನೆನೆಸಿ ಕೊಟ್ಟಿದ್ದೇನೆಂದು ಗೊತ್ತಿರಲಿಲ್ಲ. ಅಂಪೈರ್ ಟವೆಲಿನಲ್ಲಿ ಒಮ್ಮೆ ಒರೆಸಿ, ಆಡಿ ಎಂದ.

ಭುಜ ಬೀಸುವ ಅಗತ್ಯವೇ ಬೀಳಲಿಲ್ಲ. ಮಣಿಕಟ್ಟಿನಲ್ಲೇ ತಿರುವಿ ಬಿಟ್ಟೆ. ಚೆಂಡು ಒದ್ದೆ ಮರಳಿನ ಮೇಲೆ ಪುಟಿಯದೆ ತೆವಳಿತು. ಅವನು ಬ್ಯಾಟ್ ಬೀಸಿದ ಮೇಲೆ ನಿಧಾನವಾಗಿ ದಾಟಿ ಹೋಯಿತು. ಹಾಗೇ ಮತ್ತೊಂದು. ಆಮೇಲೆ ಒಂಟಿ ರನ್, ಮತ್ತೊಂದು ಒಂಟಿ ರನ್. ಕೊನೆಯ ಚೆಂಡಿಗೆ ಅವರಿಗೆ ಎರಡು ಬೇಕಿತ್ತು. ಆ ಚೆಂಡು ಬಿದ್ದಲ್ಲಿಂದ ಏಳಲೇ ಇಲ್ಲ, ಉರುಳಿಕೊಂಡು ಹೋಗಿ ನಡು ಕೋಲಿನ ಬುಡ ಮುಟ್ಟಿತು. ಮೆತ್ತಗಾಗಿದ್ದ ಮರಳಿನಲ್ಲಿ ಕೋಲು ವಾಲಿ ಮಲಗಿತು.

ನಮ್ಮವರು ಎತ್ತಿ ಕುಣಿಸಿದ್ದರಿಂದ ಬಿಡಿಸಿಕೊಂಡು ಅವಳ ಹತ್ತಿರ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವಾಗ ಬಂದೆ ಅವ್ವಿ?"

"ಈಗಷ್ಟೇ. ಮೊದ್ಲೇ ಬಂದು ಎಂತ ಮಾಡೂದು? ನೀರು ತಿರುಗದೆ ನೀ ಯಾವಾಗ ಆಡಿದ್ದೆ?"

ನನ್ನ ಸರದಿ ನೀರು ತಿರುಗಿದ ಮೇಲೇ ಎಂದು ಇವಳಿಗೆ ಗೊತ್ತಿತ್ತು. ಕೆಸರಲ್ಲಿ ನನ್ನ ಪಕ್ಕ ಬಗ್ಗಿದ್ದಾಗಲೂ ನನ್ನ ಕಿವಿ ಎತ್ತ ಇತ್ತು ಎಂಬುದು ಗೊತ್ತಿತ್ತು.

"ಬುಟ್ಟಿ?"

"ಅರ್ಧ ಆಗಿತ್ತು. ಪಕ್ಕದ ಮನೆಯವಳ ಹತ್ರ ಬಿಟ್ಟು ಬಂದೆ." ಆ ಅರ್ಧ ಬುಟ್ಟಿಯ ಮಾತನ್ನು ಅವಳು ಅಲ್ಲಿಗೇ ಬಿಟ್ಟು, ನನ್ನ ಭುಜದ ಮೇಲೆ ಕೈಯಿಟ್ಟು ಅದುಮಿದಳು. ನಾನು ಮುಖ ಕಿವುಚಿದೆ. "ಇಲ್ಲೇ ಅಲ್ದಾ ನೋವು?"

"ಹೌದು."

"ಬಾಲವಾಡಿಗೆ ಹೋಗೂ ಕಾಲದಿಂದ ಇದ್ರ ಮೇಲೇ ಬುಟ್ಟಿ ಹೊರ್ಸಿದೆ ನಾನು." ದಂಡೆಯ ಮೇಲೆ ಇನ್ನೂ ಕುಣಿಯುತ್ತಿದ್ದ ನಮ್ಮವರನ್ನು ನೋಡುತ್ತ ಹೇಳಿದಳು: "ನಾಳೆಯಿಂದ ಬುಟ್ಟಿ ಎಡಗಡೆ ಹೊರು. ಬಲಗೈ ಇದಕ್ಕೇ ಇರ್ಲಿ."

ಮರುದಿನ ರಜೆಯಿತ್ತು. ಅವ್ವಿಯ ಜೊತೆ ಕೆಸರಿಗಿಳಿದೆ, ಬುಟ್ಟಿಯನ್ನು ಎಡ ಭುಜಕ್ಕೆ ಹಾಕಿಕೊಂಡೆ. ರೂಢಿಯಿಲ್ಲದೆ ದಾರಿಯುದ್ದಕ್ಕೂ ವಾಲಿತು. ನೋಡಿದವರು ನಕ್ಕರು. ಅವ್ವಿ ಮಾತ್ರ ನಗದೆ, ಪ್ರತಿ ಸಲ ವಾಲಿದಾಗಲೂ ಹಿಂದಿನಿಂದ ಕೈಯಾನಿಸಿ ಸರಿಮಾಡಿದಳು.