ಏಳು ಮನೆಯ ಇಂಗು

ಅಥವಾ ಟೀಚರ್ ಹಾಗೆ ಹೇಳಲೇ ಇಲ್ಲವೇನೋ. "ಯಾರ ಕೈಕೆಳಗೂ ಬೇಡ, ಯಂತ್ರ ನಮ್ಮದೇ ಇರ್ಲಿ" ಎಂಬ ಮಾತನ್ನು ಆಮೇಲೆ ನಾನೇ ಅವರ ಬಾಯಿಗೆ ಹಾಕಿರಬಹುದು.

ಖಚಿತವಾಗಿರುವುದು ಇಷ್ಟು. ಚಾಮರಾಜಪೇಟೆಯ ನಮ್ಮ ರಸ್ತೆಯ ಏಳು ಮನೆಯ ಹೆಂಗಸರು ಅಂಗಡಿಯೊಂದಕ್ಕೆ ಕೂಲಿಗೆ ಸಾರಿನ ಪುಡಿ ಮಾಡಿಕೊಡುವುದನ್ನು ಬಿಟ್ಟು, ಸೇರಿ ಪುಡಿ ಮಾಡುವ ಯಂತ್ರವೊಂದನ್ನು ಕೊಂಡೆವು. ಒಬ್ಬರ ಹೆಸರಿನಲ್ಲಲ್ಲ, ಏಳೂ ಜನರದು. ನಮ್ಮನ್ನೆಲ್ಲ ಒಪ್ಪಿಸಿದವರು ನಮ್ಮ ಏಳು ಜನರಲ್ಲೇ ಒಬ್ಬರು, ನಿವೃತ್ತರಾಗಿದ್ದ ಟೀಚರ್. ಯಂತ್ರ ಕೂತದ್ದೂ ಅವರ ಕಾರ್ ಶೆಡ್ಡಿನಲ್ಲೇ. ನಮ್ಮಲ್ಲಿ ಮೂಲೆಮನೆಯವರು ಮಾತ್ರ ಷರತ್ತು ಹಾಕಿದ್ದರು: ಮೊದಲ ಆರ್ಡರ್ ವಾಪಸ್ ಬಂದರೆ ಯಂತ್ರ ಮಾರಿ, ಮತ್ತೆ ಅಂಗಡಿಯ ಕೂಲಿಗೇ ಹೋಗುವುದು. ಟೀಚರ್ ಒಪ್ಪಿದ್ದರು.

ಮೊದಲ ಆರ್ಡರ್ ಮತ್ತಿಕೆರೆಯ ಹುಡುಗರ ಮೆಸ್ಸಿನದು. ಸರದಿಯ ಮೇಲೆ ಹುರಿದೆವು. ಕೊತ್ತಂಬರಿ ಬೀಜ ಯಾರು, ಮೆಣಸಿನಕಾಯಿ ಯಾರು ಎಂದೆಲ್ಲ ಹಂಚಿಕೊಂಡಿದ್ದೆವು. ಇಂಗು ಮರೆತಿತ್ತು.

ಪುಡಿ ಹೊರಬಂದಾಗ ಮೂಲೆಮನೆಯವರು ಮೂಗಿಗೆ ಸೆರಗು ಹಿಡಿದರು. "ಏನ್ರೀ ಇದು, ಇಂಗಿನ ಡಬ್ಬಾನೇ ಅರೆದ್ಬಿಟ್ರಾ?"

"ಯಾರೂ ಹಾಕಿಲ್ಲ ಅಂತ ನಾನು ಸ್ವಲ್ಪ ಹಾಕ್ದೆ," ಎಂದೆ.

"ಅಯ್ಯೋ, ನಾನೂ ಹಾಕಿದೀನಿ ಕಣ್ರೀ!" ಎಂದರು ನನ್ನ ಪಕ್ಕದಲ್ಲಿದ್ದವರು.

"ನೀವೂನಾ?"

ಏಳೂ ಜನ ಹಾಕಿದ್ದೆವು, ಒಬ್ಬರಿಗೊಬ್ಬರು ಹೇಳದೆ, ನಮ್ಮ ನಮ್ಮ ಮನೆಯಿಂದ ತಂದು. ಕೂಲಿಗೆ ಮಾಡುವಾಗ ಒಬ್ಬರೂ ಮನೆಯ ಇಂಗು ತಂದವರಲ್ಲ. ಹೀಗೆ ಬರೆದರೆ ಕಥೆ ತೀರಾ ಚೆನ್ನಾಗಿ ಕೂತುಬಿಡುತ್ತದೆ. ಆರೇ ಜನ ಇದ್ದರೂ ಇರಬಹುದು. ಮೂಲೆಮನೆಯವರು ಒಪ್ಪಿಕೊಂಡದ್ದು ನನಗೆ ನೆನಪಿಲ್ಲ.

ಟೀಚರ್ ನಗಲಿಲ್ಲ. "ಇಂಗು ಬಿಟ್ಟು ಇನ್ನೊಂದಷ್ಟು ಹುರೀರಿ, ಬೆರೆಸೋಣ," ಎಂದರು. ಬೆರೆಸಿದ ಮೇಲೂ ವಾಸನೆ ಪೂರ್ತಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆಟೋದಲ್ಲಿ ನಾನು, ಟೀಚರ್ ಮತ್ತು ಚೀಲ ಮತ್ತಿಕೆರೆಗೆ ಹೋದೆವು. ಮೆಸ್ಸಿನ ಯಜಮಾನರು ಕುದಿಯುವ ಬೇಳೆಕಟ್ಟಿಗೆ ಪುಡಿ ಹಾಕಿಸಿ, ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಟೀಚರ್ ಚೀಲದ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಇಂಗು ಜಾಸ್ತಿ ಅಲ್ವಾ ಮೇಡಂ?"

"ಹೌದು. ಎಲ್ಲರೂ ಹಾಕಿಬಿಟ್ಟಿದೀವಿ."

ಅವರು ಟೀಚರ ಮುಖವನ್ನೇ ನೋಡಿದರು. ಇನ್ನೊಮ್ಮೆ ನೆಕ್ಕಿದರು. "ಇರ್ಲಿ, ಇಟ್ಟು ಹೋಗಿ. ಮುಂದಿನ ವಾರನೂ ಕಳಿಸಿ."

ಯಂತ್ರ ಮಾರಲಿಲ್ಲ. ಈಗ ಅದರ ಮೋಟಾರು ಎರಡನೆಯದು. ಆದರೆ ಆ ಬೆಳಿಗ್ಗೆ ಅವರಿಗೆ ಪುಡಿ ಹಿಡಿಸಿತ್ತೋ, ಟೀಚರ ಮುಖ ನೋಡಿ ಇಟ್ಟುಕೊಂಡರೋ, ನನಗೆ ಗೊತ್ತಿಲ್ಲ. ನಾವು ಯಾರೂ ಅವರನ್ನು ಕೇಳಲಿಲ್ಲ.