ಚಿಗವ್ವ ಯಾವ ಪಂಥದವಳು?

ನಮ್ಮ ಮನೆಯಲ್ಲಿ ಒಬ್ಬಳು ವಿಚ್ ಇದ್ದಾಳೆ. ಗಾಬರಿಯಾಗಬೇಡಿ. ಬೆಳಗ್ಗೆ ಟಿಫಿನ್ ಬಾಕ್ಸ್ ಕಟ್ಟಿಕೊಂಡು ಜೀನ್ಸ್ ಯೂನಿಟ್ಟಿಗೆ ಡಿಸೈನ್ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದು ಮೇಣದಬತ್ತಿ ಹಚ್ಚುತ್ತಾಳೆ. ನನ್ನ ಅಣ್ಣನ ಮಗಳು ಸ್ಫೂರ್ತಿ.

ಮೊದಲು ನಕ್ಕೆ. ಆಮೇಲೆ ಕೂತು ಪಾಠ ಕೇಳಿದೆ. (ಕಾಲೇಜಿನಲ್ಲಿ ಜೀವಮಾನವೆಲ್ಲ ಪಾಠ ಹೇಳಿದವಳಿಗೆ ಇದೂ ಒಂದು ಶಿಕ್ಷೆ.)

"ಅತ್ತಿ, ವಿಕ್ಕಾ ಬ್ಯಾರೆ, ವಿಚ್‌ಕ್ರಾಫ್ಟ್ ಬ್ಯಾರೆ. ವಿಕ್ಕಾ ಅಂದ್ರ ಧರ್ಮ. ಅದರಾಗ ದೇವಿ ಅದಾಳ, ದೇವರು ಅದಾನ. ವಿಚ್‌ಕ್ರಾಫ್ಟ್ ಬರೇ ವಿದ್ಯಾ. ದೇವರನ್ನ ನಂಬದವರೂ ಮಾಡ್ತಾರ."

ಅದರಲ್ಲೂ ಎಷ್ಟು ಕವಲು! ಗುಂಪು ಸೇರಿ, ದೀಕ್ಷೆ ಪಡೆದು, ಮೂರು ಮೆಟ್ಟಿಲು ಹತ್ತುವವರು ಕೆಲವರು. ಯಾರ ಹಂಗೂ ಬೇಡವೆಂದು ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುವವರು ಬಹಳ ಮಂದಿ. ದೇವಿಯನ್ನು ಮಾತ್ರ ಪೂಜಿಸುವ ಹೆಂಗಸರ ಬಳಗವೂ ಉಂಟು. ಗಿಡಮೂಲಿಕೆ ಹಿಡಿದರೆ ಗ್ರೀನ್ ವಿಚ್, ಒಲೆ ಮುಂದೆ ಮಾಡಿದರೆ ಕಿಚನ್ ವಿಚ್. ಎಲ್ಲದರಿಂದ ಚೂರುಚೂರು ಎತ್ತಿಕೊಂಡರೆ ಎಕ್ಲೆಕ್ಟಿಕ್. (ನಮ್ಮವಳು ಇದು.) ದೀಕ್ಷೆ ಪಡೆದ ಕೆಲವರು ಪಡೆಯದವರನ್ನು ಹತ್ತಿರಕ್ಕೇ ಸೇರಿಸುವುದಿಲ್ಲವಂತೆ. ಇದು ಧರ್ಮವೇ ಸರಿ ಎಂದು ನನಗೆ ಖಾತ್ರಿಯಾದದ್ದು ಆಗ.

ವರ್ಷಕ್ಕೆ ಎಂಟು ಹಬ್ಬ. ಚಳಿ ಇಳಿಯತೊಡಗಿತೆಂದು ಸಂಭ್ರಮಿಸುವುದು ಅದರಲ್ಲೊಂದು. ಬಳ್ಳಾರಿಯಲ್ಲಿ! ಮೇಣದಬತ್ತಿ ಆರಬಾರದೆಂದು ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ ಚಳಿಗೆ ವಿದಾಯ ಹೇಳಿದೆವು. ಯಾರಿಗೂ ಕೇಡು ಮಾಡಬಾರದು ಎನ್ನುವುದು ಇವರ ದೊಡ್ಡ ನಿಯಮ. ನನಗದು ಹಿಡಿಸಿತು.

ನಗುವುದು ಇಲ್ಲಿಗೆ ಮುಗಿಯಿತು.

ಕುರುಗೋಡಿನ ಹತ್ತಿರ ಒಂದು ಹಳ್ಳಿ (ಹೆಸರು ಬೇಡ). ನಮ್ಮವ್ವನ ತಂಗಿ ಮಲ್ಲಮ್ಮ, ಅಂದರೆ ನನ್ನ ಚಿಗವ್ವ, ಅಲ್ಲೇ ಮುದುಕಿಯಾದವಳು. ಊರಿನ ಕೂಸುಗಳಿಗೆಲ್ಲ ದೃಷ್ಟಿ ತೆಗೆಯುತ್ತಿದ್ದಳು. ಉಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಕೆಂಡಕ್ಕೆ ಹಾಕುವುದು, ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತು ಎನ್ನುವುದು. ಅಷ್ಟೇ ಅವಳ ವಿದ್ಯೆ. ನನಗೂ ತೆಗೆದಿದ್ದಾಳೆ.

"ಅತ್ತಿ, ಈ ಅಮ್ಮ ಅಸಲಿ ಕಿಚನ್ ವಿಚ್!" ಎಂದು, ನನ್ನ ಜೊತೆ ಊರಿಗೆ ಬಂದು ಇದನ್ನು ಕಂಡ ಸ್ಫೂರ್ತಿ ಕುಣಿದಳು. ರೀಲ್ ಮಾಡಲೇಬೇಕಂತೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಐದು ಮೂಲೆಯ ನಕ್ಷತ್ರ ಬರೆದಳು. ಅದು ಅವರಲ್ಲಿ ರಕ್ಷಣೆಯ ಗುರುತು. ಮೂಲೆಗೊಂದು ಮೇಣದಬತ್ತಿ, ನಡುವೆ ಚಿಗವ್ವ. "ಕೈಯಾಗ ಏನಾರ ಇರ್ಬೇಕಲ್ಲ, ಲೋಕಲ್ ಟಚ್ ಬೇಕು" ಎಂದಳು.

ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಕೊಟ್ಟವಳು ನಾನು.

ಮಂಡಲ ಬರೆದು ನಡುವೆ ಕುಂಕುಮದ ನಿಂಬೆಹಣ್ಣು ಇಟ್ಟರೆ ನಮ್ಮ ಕಡೆ ಏನೆನ್ನುತ್ತಾರೆ? ಸ್ಫೂರ್ತಿ ಬಳ್ಳಾರಿ ಪೇಟೆಯಲ್ಲಿ ಬೆಳೆದ ಹುಡುಗಿ, ಅವಳಿಗೆ ತಿಳಿಯದು. ನಾನು ಆ ಅಂಗಳದಲ್ಲೇ ಆಡಿ ಬೆಳೆದವಳು. ನನ್ನ ಬುದ್ಧಿಗೆ ಏನಾಗಿತ್ತು? ವಿಡಿಯೋ ಚೆನ್ನಾಗಿ ಬರಲಿ ಎನ್ನುವ ಹುರುಪು, ಮತ್ತೇನಿಲ್ಲ. ನನ್ನ ಕೈಗೆ ಬೆಂಕಿ ಬೀಳಲಿ.

'ಅಸಲಿ ಕಿಚನ್ ವಿಚ್' ಎಂದು ಹೆಸರು ಹಾಕಿದ ರೀಲು ಊರಿನ ವಾಟ್ಸ್ಯಾಪ್ ಗುಂಪುಗಳಿಗೆ ಹೋಯಿತು. ವಾರದೊಳಗೆ ಪಕ್ಕದ ಮನೆಯ ಕೂಸಿಗೆ ಜ್ವರ ಏರಿ ಫಿಟ್ಸ್ ಬಂತು. ಬಳ್ಳಾರಿಗೆ ತಂದರು, ಡಾಕ್ಟರು ಔಷಧಿ ಕೊಟ್ಟರು, ಕೂಸು ಚೇತರಿಸಿಕೊಂಡಿತು. ಆದರೆ ಮಾಟ ಮಾಡಿದವಳು ಯಾರೆಂದು ಫೋನಿನಲ್ಲೇ ಇತ್ತಲ್ಲ! ಚಿಗವ್ವ ನಲ್ಲಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಮಕ್ಕಳನ್ನು ಅವಳ ಬಾಗಿಲ ಮುಂದೆ ಓಡಾಡಲು ಬಿಡಲಿಲ್ಲ.

ಸ್ಫೂರ್ತಿ ಅತ್ತು, ರೀಲು ಅಳಿಸಿದಳು. ನಾನು ಊರಿನ ಕಟ್ಟೆಗೆ ಹೋಗಿ ಹಿರಿಯರನ್ನು ಕೂಡಿಸಿ ವಿವರಿಸಿದೆ. ಇದು ಮಾಟವಲ್ಲ, ಬೇರೆ ದೇಶದವರ ಒಂದು ಧರ್ಮ, ಅದರಲ್ಲಿ ಇಂಥಿಂಥ ಪಂಥಗಳಿವೆ, ಯಾರೂ ಯಾರಿಗೂ ಕೇಡು ಮಾಡುವುದಿಲ್ಲ ಎಂದು ಅರ್ಧ ತಾಸು ಲೆಕ್ಚರ್ ಕೊಟ್ಟೆ. ಚಹಾ ತರಿಸಿದರು. ಗೌರವದಿಂದ ಕೇಳಿದರು. ಕೊನೆಗೆ ಒಬ್ಬರು ಮೆಲ್ಲಗೆ ಅಂದರು:

"ಎಲ್ಲಾ ತಿಳೀತ್ರಿ ಮೇಡಂ. ಇಷ್ಟು ಪಂಥ ಅದಾವು ಅಂತ ನಮಗ ಗೊತ್ತಿದ್ದಿಲ್ಲ. ನಮ್ಮ ಮಲ್ಲಮ್ಮ ಯಾವುದರಾಗ ಬರ್ತಾಳ್ರಿ?"

"ಯಾವುದರಾಗೂ ಇಲ್ರಿ!"

"ಮತ್ತ ಫೋನಿನ್ಯಾಗ ವಿಚ್ ಅಂತ ನೀವಾ ಹಾಕಿದ್ರಲ್ರಿ?"

ಅಲ್ಲಿಯವರೆಗೆ ಕೆಲವರಿಗಾದರೂ ಅನುಮಾನವಿತ್ತು. ನಾನು ಹೋಗಿ ಅವಳು ಮಾಟಗಾತಿಯೇ ಎಂದು ಖಾತ್ರಿ ಮಾಡಿ ಬಂದೆ.

ಚಿಗವ್ವ ಈಗ ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಳೆದ ಭಾನುವಾರ ಸ್ಫೂರ್ತಿಯೂ ನಾನೂ ಬಸ್ಸು ಹತ್ತಿ ಹೋಗಿದ್ದೆವು. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸ್ಫೂರ್ತಿಯ ತಲೆ ಸವರಿ, "ಸೊರಗೀಯಲ್ಲವ್ವಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪಕ್ಕದ ಮನಿಯಾಕಿ ಮೊನ್ನೆ ಇಲ್ಲಿಗೆ ಬಂದಿದ್ಲು. ಕಾಲು ಹಿಡಕೊಂಡು ಅತ್ಲು. 'ನೀ ಹಾಕಿದ್ದು ನೀನಾ ತೆಗಿಯಮ್ಮಾ, ಕೂಸಿಗೆ ಮತ್ತ ಜ್ವರ' ಅಂದ್ಲು."

"ನೀ ಏನಂದಿ?"

"ಏನಂತ ಹೇಳ್ಲಿ? ಹೋಗಿ ತೆಗೆದ್ರ, ಹಾಕಿದಾಕಿ ನಾನಾ ಅಂತ ಒಪ್ಪಿಕೊಂಡಂಗ ಆಕೈತಿ. ಹೋಗಲಿಲ್ಲಂದ್ರ, ನಾಳೆ ಕೂಸಿಗೆ ಏನಾರ ಆದ್ರ ಅದೂ ನನ್ನ ಮ್ಯಾಲೆ. ನಾ ಎತ್ತಿ ಆಡಿಸಿದ ಕೂಸವ್ವಾ ಅದು. ಹೋಗ್ಲೋ ಬ್ಯಾಡೋ? ನೀ ಓದಿದಾಕಿ, ನೀನಾ ಹೇಳು."

"ಮೊದಲು ಡಾಕ್ಟರ್ ಹತ್ರ ಹೋಗಾಕ ಹೇಳಬೇಕಿತ್ತು" ಎಂದೆ. "ಹೇಳೀನವ್ವಾ. ನಾ ಹೇಳಿದ್ದು ಈಗ ಯಾರು ಕೇಳ್ತಾರ?" ಎಂದಳು.

ಸ್ಫೂರ್ತಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆವು.

ನೀವಾಗಿದ್ದರೆ ಅವಳಿಗೆ ಹೋಗು ಅನ್ನುತ್ತಿದ್ದಿರೋ, ಬೇಡ ಅನ್ನುತ್ತಿದ್ದಿರೋ?